ರಕ್ತ ನಿಂತ ರೆಟಿನಾ ಮತ್ತು ಗಿಡಮೂಲದ ಕ್ಯಾಪ್ಸೂಲ್: ಒಂದು ಪ್ರಕರಣ ಅಧ್ಯಯನ

ಗುರುತು ಸಿಗಬಾರದೆಂದು ರೋಗಿಯ ವಯಸ್ಸು, ಉದ್ಯೋಗ, ಮನೆಯವರ ವಿವರಗಳನ್ನು ಬದಲಿಸಿದ್ದೇನೆ. ಕಾಯಿಲೆ ಸಾಗಿದ ದಾರಿಯನ್ನೂ ನಾವು ತೆಗೆದುಕೊಂಡ ತೀರ್ಮಾನಗಳನ್ನೂ ಇದ್ದ ಹಾಗೆಯೇ ಬರೆದಿದ್ದೇನೆ. ಕಣ್ಣಿನ ಹಿಂಭಾಗದಲ್ಲಿ ಬೆಳಕು ಗ್ರಹಿಸುವ ಪದರವಾದ ರೆಟಿನಾದ ಕಾಯಿಲೆಗಳನ್ನು ನೋಡುವ ವೈದ್ಯರಿಗೆ ಈ ಪ್ರಕರಣದಲ್ಲಿ ಅಪರೂಪದ್ದೇನೂ ಕಾಣಲಾರದು. ಆದರೆ ಇಲಿಯ ರೆಟಿನಾ ಉಳಿಸಿದ ಗಿಡಮೂಲದ ಅಂಶಗಳನ್ನು ಅಪ್ಪನಿಗೆ ಶಸ್ತ್ರಚಿಕಿತ್ಸೆಯ ಮುಂಚೆ ಯಾಕೆ ಕೊಡಬಾರದು ಎಂದು ರೋಗಿಯ ಮಗಳು ಕೇಳಿದ ಪ್ರಶ್ನೆ ಮಾತ್ರ ಹಾಗೆ ಬಿಟ್ಟುಬಿಡುವಂಥದ್ದಲ್ಲ. ಅದನ್ನು ಮುಂದಿಟ್ಟುಕೊಂಡೇ ಇದನ್ನು ಬರೆಯುತ್ತಿದ್ದೇನೆ.

ಹಿನ್ನೆಲೆ

ರೋಗಿ ಅರವತ್ತು ದಾಟಿದ ಗಂಡಸು, ಕೆಲಸದಿಂದ ನಿವೃತ್ತರು. ಬಹಳ ವರ್ಷಗಳಿಂದ ಬಿಪಿ ಇದೆ, ಅದರ ಮಾತ್ರೆ ತಪ್ಪಿಸುವವರಲ್ಲ. ಕೊಲೆಸ್ಟರಾಲ್ ಜಾಸ್ತಿಯಿದೆಯೆಂದು ಹಿಂದೊಮ್ಮೆ ಕೊಟ್ಟಿದ್ದ ಮಾತ್ರೆಯನ್ನು ಮಾತ್ರ ಕೆಲವು ತಿಂಗಳು ನುಂಗಿ ತಾವಾಗಿಯೇ ಬಿಟ್ಟಿದ್ದರು. ಸಿಗರೇಟು ಬಿಟ್ಟು ಬಹಳ ಕಾಲವಾಗಿತ್ತು. ಶುಗರ್ ಇರಲಿಲ್ಲ.

ನಮ್ಮಲ್ಲಿಗೆ ಬರುವ ಕೆಲವು ವಾರ ಮೊದಲಿನಿಂದ ಬಲಗಣ್ಣಿಗೆ ಆಗಾಗ ಕತ್ತಲೆ ಕವಿಯುತ್ತಿತ್ತು. "ಮೇಲಿಂದ ಪರದೆ ಇಳಿದ ಹಾಗಾಗುತ್ತೆ ಡಾಕ್ಟ್ರೇ, ಐದು ನಿಮಿಷಕ್ಕೆ ತಾನೇ ಸರಿಹೋಗುತ್ತೆ. ನೋವಿಲ್ಲ ಏನಿಲ್ಲ" ಎಂದು ಆಮೇಲೆ ನನಗೆ ಹೇಳಿದರು. ನೋವಿಲ್ಲದ್ದೇ ಮೋಸವಾಯಿತು. ಪರಿಚಯದವರೊಬ್ಬರು "ಕಣ್ಣಿನ ರಕ್ತಸಂಚಾರಕ್ಕೆ ಒಳ್ಳೆಯದು" ಎಂದು ಗಿಡಮೂಲದ ಕ್ಯಾಪ್ಸೂಲ್ ಒಂದನ್ನು ಹೇಳಿದರು. ಇವರು ತರಿಸಿಕೊಂಡು ದಿನಕ್ಕೆರಡು ನುಂಗಲು ಶುರುಮಾಡಿದರು. ಪ್ರತಿಸಲ ಕತ್ತಲೆ ಕವಿದು ಸರಿಹೋದಾಗಲೂ ಕ್ಯಾಪ್ಸೂಲ್ ಕೆಲಸ ಮಾಡುತ್ತಿದೆ ಎಂಬ ನಂಬಿಕೆ ಗಟ್ಟಿಯಾಯಿತು.

ಕೆಲವು ನಿಮಿಷ ದೃಷ್ಟಿ ಹೋಗಿ ಮರಳುವುದು ಈ ತೊಂದರೆಯ ಸ್ವಭಾವ. ಕೊರಳಿನ ದೊಡ್ಡ ರಕ್ತನಾಳದ ಒಳಗೋಡೆಯಲ್ಲಿ ಕಟ್ಟಿಕೊಂಡ ಕೊಬ್ಬಿನ ಪದರದಿಂದ ಚೂರೊಂದು ಕಿತ್ತು ಹೊರಟು, ಕಣ್ಣಿನ ನಾಳದಲ್ಲಿ ಕ್ಷಣಕಾಲ ಸಿಕ್ಕಿಕೊಂಡು, ಒಡೆದು ಮುಂದೆ ಸಾಗುತ್ತದೆ. ಮಾತ್ರೆ ನುಂಗಿದರೂ ನುಂಗದಿದ್ದರೂ ಪರದೆ ಏಳುತ್ತದೆ. ಮಿದುಳಿಗೆ ಬರಬಹುದಾದ ಪಾರ್ಶ್ವವಾಯುವಿಗೆ ಇದು ಮುನ್ಸೂಚನೆ. ಹೀಗಾದ ದಿನವೇ ಆಸ್ಪತ್ರೆಗೆ ಓಡಬೇಕು.

ಒಂದು ಬೆಳಿಗ್ಗೆ ಎದ್ದಾಗ ಬಲಗಣ್ಣಿನ ನೋಟದ ಕೆಳಗಿನ ಅರ್ಧ ಇರಲಿಲ್ಲ, ಹೊತ್ತು ಹೋದರೂ ಮರಳಲಿಲ್ಲ. ಆ ದಿನ ಎರಡರ ಬದಲು ನಾಲ್ಕು ಕ್ಯಾಪ್ಸೂಲ್ ನುಂಗಿ ಕಾದರು. ಮಗಳು ಅವರನ್ನು ಕರೆತಂದದ್ದು ಮರುದಿನ.

ನಮ್ಮ ಮುಂದಿದ್ದ ಸಮಸ್ಯೆ

ಪಾಪೆ ಹಿಗ್ಗಿಸಿ ನೋಡಿದಾಗ ಬಲಗಣ್ಣಿನ ರೆಟಿನಾದ ಮೇಲ್ಭಾಗ ಬಿಳಿಚಿಕೊಂಡಿತ್ತು. ಮೇಲಿನ ಕವಲು ನಾಳ ಎರಡಾಗಿ ಒಡೆಯುವ ಜಾಗದಲ್ಲಿ ಹಳದಿಯಾಗಿ ಹೊಳೆಯುವ ಒಂದು ಚುಕ್ಕೆ ಕೂತಿತ್ತು. 1961ರಲ್ಲಿ ರಾಬರ್ಟ್ ಹಾಲೆನ್‌ಹಾರ್ಸ್ಟ್ ವಿವರಿಸಿದ, ಅವರ ಹೆಸರಿನಿಂದಲೇ ಕರೆಯುವ ಕೊಲೆಸ್ಟರಾಲ್ ಚೂರು ಅದು. ರೆಟಿನಾದ ಪದರಗಳನ್ನು ಅಡ್ಡಸೀಳಿದಂತೆ ತೋರಿಸುವ ಒಸಿಟಿ ಸ್ಕ್ಯಾನ್‌ನಲ್ಲಿ ಅಷ್ಟು ಭಾಗದ ಒಳಪದರಗಳು ಊದಿಕೊಂಡು ಬೆಳ್ಳಗೆ ಕಂಡವು, ಅವುಗಳ ಕೆಳಗಿನ ಬೆಳಕು ಗ್ರಹಿಸುವ ಕೋಶಗಳ ಪದರ ಚೆನ್ನಾಗಿಯೇ ಇತ್ತು. ರೆಟಿನಾಗೆ ರಕ್ತ ಬರುವುದು ಎರಡು ಕಡೆಯಿಂದ. ಒಳಪದರಗಳಿಗೆ ಕೇಂದ್ರ ರೆಟಿನಾ ಧಮನಿ, ಹೊರಪದರಕ್ಕೆ ಹಿಂದಿರುವ ಕೋರಾಯ್ಡ್ ಎಂಬ ರಕ್ತನಾಳಗಳ ಪದರ. ಇಲ್ಲಿ ಮುಚ್ಚಿದ್ದು ಮೊದಲನೆಯದರ ಒಂದು ಕವಲು. ನಟ್ಟನಡುವಿನ ನೋಟ ಪೂರ್ತಿ ಕೆಟ್ಟಿರಲಿಲ್ಲ, ಚಾರ್ಟ್‌ನಲ್ಲಿ 6/18ರ ಸಾಲಿನವರೆಗೆ (ಸಾಮಾನ್ಯ ದೃಷ್ಟಿ 6/6) ಓದಿದರು.

ಕಣ್ಣಿಗೆ ಆಗ ಮಾಡಬಹುದಾದದ್ದು ಬಹಳ ಕಡಿಮೆ. ಸೋಹನ್ ಸಿಂಗ್ ಹೇರೆ ಮತ್ತು ಸಂಗಡಿಗರು ವಯಸ್ಸಾದ, ಬಿಪಿ ಇದ್ದ ಕೋತಿಗಳಲ್ಲಿ ಕೇಂದ್ರ ಧಮನಿಯನ್ನು ಬೇರೆ ಬೇರೆ ಅವಧಿಗೆ ಬಿಗಿಹಿಡಿದು ನೋಡಿದ್ದರು. 2004ರಲ್ಲಿ ಪ್ರಕಟವಾದ ಆ ಕೆಲಸದ ಪ್ರಕಾರ 97 ನಿಮಿಷದವರೆಗೆ ಹಾನಿ ಕಾಣಲಿಲ್ಲ, 240 ನಿಮಿಷ ತಲುಪುವಷ್ಟರಲ್ಲಿ ಆದ ಹಾನಿ ಭಾರೀ ಪ್ರಮಾಣದ್ದು, ಸರಿಪಡಿಸಲಾಗದ್ದು. ನಮ್ಮ ರೋಗಿ ಬಂದಾಗ ಒಂದು ಇಡೀ ದಿನ ಕಳೆದಿತ್ತು. ಕಣ್ಣು ನೀವುವುದು, ಕಣ್ಣಿನ ಒತ್ತಡ ತಟ್ಟನೆ ಇಳಿಸುವುದು ಮುಂತಾದ ಹಳೆಯ ಉಪಾಯಗಳಿಂದ ಅಷ್ಟು ತಡವಾಗಿ ಏನೂ ದಕ್ಕುವುದಿಲ್ಲ, ನಾವು ಅವನ್ನು ಮಾಡಲಿಲ್ಲ. ಹೆಪ್ಪು ಕರಗಿಸುವ ಔಷಧವನ್ನು ಧಮನಿಯೊಳಗೇ ಬಿಟ್ಟು ನೋಡಿದ ಯುರೋಪಿನ ಈಗಲ್ ಅಧ್ಯಯನ 2010ರಲ್ಲಿ ಹೊರಬಂದಿತ್ತು. ಕೇಂದ್ರ ಧಮನಿಯೇ ಮುಚ್ಚಿದ 84 ರೋಗಿಗಳ ಆ ಅಧ್ಯಯನದಲ್ಲಿ ಸಾಮಾನ್ಯ ಚಿಕಿತ್ಸೆಗಿಂತ ದೃಷ್ಟಿ ಹೆಚ್ಚೇನೂ ಸುಧಾರಿಸಲಿಲ್ಲ, ಅಡ್ಡಪರಿಣಾಮಗಳು ಮಾತ್ರ ಹೆಚ್ಚಾದವು.

ಹಾಗಾಗಿ ಮೊದಲ ತೀರ್ಮಾನ ಸುಲಭವಾಗಿತ್ತು: ಕಣ್ಣಿನ ಕುರ್ಚಿಯಿಂದ ಎಬ್ಬಿಸಿ ಅದೇ ದಿನ ಪಾರ್ಶ್ವವಾಯು ವಿಭಾಗಕ್ಕೆ ಕಳಿಸುವುದು. ರೆಟಿನಾದ ಧಮನಿ ಹೀಗೆ ಏಕಾಏಕಿ ಮುಚ್ಚಿದವರಲ್ಲಿ ಸುಮಾರು ಕಾಲು ಭಾಗದ ಜನರಿಗೆ ಎಂಆರ್‌ಐ ಮಾಡಿದರೆ ಮಿದುಳಿನಲ್ಲೂ ಹೊಸ ಗಾಯ ಕಾಣುತ್ತದೆ, ಅವರಿಗೆ ಅದರ ಸುಳಿವೇ ಇರುವುದಿಲ್ಲ. ಇವರ ಮಿದುಳು ಪುಣ್ಯಕ್ಕೆ ಚೆನ್ನಾಗಿತ್ತು. ಉರಿಯೂತದ ಸುಳಿವು ಕೊಡುವ ರಕ್ತಪರೀಕ್ಷೆಗಳಾದ ಇಎಸ್‌ಆರ್, ಸಿಆರ್‌ಪಿ ಸಾಮಾನ್ಯವಾಗಿದ್ದವು, ತಲೆನೋವಾಗಲೀ ಅಗಿಯುವಾಗ ದವಡೆ ನೋವಾಗಲೀ ಇರಲಿಲ್ಲ, ಆದ್ದರಿಂದ ರಕ್ತನಾಳದ ಉರಿಯೂತವನ್ನು ಬದಿಗಿಟ್ಟೆವು. ಹೃದಯದ ಲಯ ಸರಿಯಿತ್ತು. ರಕ್ತದ ಹರಿವು ತೋರಿಸುವ ಕೊರಳಿನ ಡಾಪ್ಲರ್ ಸ್ಕ್ಯಾನ್‌ನಲ್ಲಿ ಕಾರಣ ಸಿಕ್ಕಿತು: ಕಣ್ಣಿಗೂ ಮಿದುಳಿಗೂ ರಕ್ತ ಒಯ್ಯುವ ಬಲಬದಿಯ ಒಳ ಕೆರೋಟಿಡ್ ಧಮನಿ ಸುಮಾರು 80 ಶೇಕಡಾ ಕಿರಿದಾಗಿತ್ತು.

ರಕ್ತ ತೆಳುಮಾಡುವ ಆಸ್ಪಿರಿನ್, ಕ್ಲೊಪಿಡೊಗ್ರೆಲ್, ಕೊಲೆಸ್ಟರಾಲ್ ಇಳಿಸುವ ಅಟೊರ್ವಾಸ್ಟಾಟಿನ್ ಶುರುವಾದವು. ನಾಳ ತೆರೆದು ಕೊಬ್ಬಿನ ಪದರ ತೆಗೆಯುವ ಕೊರಳಿನ ಶಸ್ತ್ರಚಿಕಿತ್ಸೆಗೆ ದಿನ ನಿಗದಿಯಾಯಿತು. ಲಕ್ಷಣ ಕಂಡ ಎರಡು ವಾರದೊಳಗೆ ಮಾಡಿದರೆ ಅದರ ಲಾಭ ಹೆಚ್ಚು, ತಡವಾದಷ್ಟೂ ಲಾಭ ಕರಗುತ್ತದೆ. 70 ಶೇಕಡಾ ಮೀರಿ ಕಿರಿದಾದ, ಲಕ್ಷಣ ತೋರಿದ ರೋಗಿಗಳಲ್ಲಿ ಶಸ್ತ್ರಚಿಕಿತ್ಸೆ ಎರಡು ವರ್ಷದ ಪಾರ್ಶ್ವವಾಯು ಅಪಾಯವನ್ನು 26 ಶೇಕಡಾದಿಂದ 9ಕ್ಕೆ ಇಳಿಸಿತು ಎಂದು ಉತ್ತರ ಅಮೆರಿಕದ ದೊಡ್ಡ ಅಧ್ಯಯನ 1991ರಲ್ಲೇ ತೋರಿಸಿತ್ತು. ಕಣ್ಣಿನಲ್ಲಷ್ಟೇ ಲಕ್ಷಣ ಕಂಡವರಿಗೆ ಅಪಾಯ ಇದಕ್ಕಿಂತ ಕಡಿಮೆ, ಆದರೆ ಕೈಕಟ್ಟಿ ಕೂರುವಷ್ಟು ಕಡಿಮೆಯಲ್ಲ.

ಬಾಟಲಿ ಮೇಜಿನ ಮೇಲೆ ಬಂದಾಗ

ಏನೇನು ತೆಗೆದುಕೊಳ್ಳುತ್ತೀರಿ ಎಂದಾಗ ರೋಗಿ ಬಿಪಿ ಮಾತ್ರೆಯೊಂದನ್ನೇ ಹೇಳಿದ್ದರು. ಕ್ಯಾಪ್ಸೂಲ್ ಅವರ ಲೆಕ್ಕದಲ್ಲಿ ಔಷಧವೇ ಆಗಿರಲಿಲ್ಲ. "ಅದು ಗಿಡದ್ದಲ್ವಾ, ಏನೂ ಆಗಲ್ಲ ಅಂದ್ಕೊಂಡೆ" ಎಂದರು. ಮಗಳು ಚೀಲದಿಂದ ಬಾಟಲಿ ತೆಗೆದು ಮೇಜಿನ ಮೇಲಿಟ್ಟಳು.

ಚೀಟಿಯ ಹಿಂಬದಿಯ ಸಣ್ಣಕ್ಷರಗಳನ್ನು ಭೂತಗನ್ನಡಿ ಹಿಡಿದೇ ಓದಬೇಕಾಯಿತು. ಗಿಂಕೊ ಮರದ ಎಲೆಯ ಸಾರ, ಅರಿಶಿನದ ಕರ್ಕ್ಯುಮಿನ್, ಕರಿಮೆಣಸಿನ ಪೈಪರಿನ್, ಬಿಲ್‌ಬೆರಿ ಹಣ್ಣಿನ ಸಾರ, ದ್ರಾಕ್ಷಿ ಸಿಪ್ಪೆಯಲ್ಲಿರುವ ರೆಸ್ವೆರಾಟ್ರಾಲ್, ಗಿಡಗಳ ಹಳದಿ ಬಣ್ಣದ ವಸ್ತು ಲ್ಯೂಟೀನ್. ಗಿಂಕೊಗೆ ಮಾತ್ರ ಮಿಲಿಗ್ರಾಂ ಲೆಕ್ಕವಿತ್ತು. ಉಳಿದವೆಲ್ಲ "ವಿಶೇಷ ಮಿಶ್ರಣ" ಎಂಬ ಒಂದೇ ಸಾಲಿನಲ್ಲಿ, ಒಟ್ಟು ತೂಕದೊಂದಿಗೆ. ಯಾವುದು ಎಷ್ಟಿದೆ ಎಂದು ಹೇಳದ ಚೀಟಿಯನ್ನು ಇಟ್ಟುಕೊಂಡು ವೈದ್ಯರು ಲಾಭವನ್ನೂ ಅಳೆಯಲಾರರು, ಅಪಾಯವನ್ನೂ ಅಳೆಯಲಾರರು. ನನಗೆ ಈ ಉತ್ಪನ್ನಗಳ ಬಗ್ಗೆ ಇರುವ ಮೊದಲ ತಕರಾರೇ ಇದು.

ಎರಡನೆಯದು ರಕ್ತಸ್ರಾವ. 1997ರಲ್ಲಿ ಒಂದು ವೈದ್ಯಕೀಯ ಪತ್ರಿಕೆಯಲ್ಲಿ ಎಪ್ಪತ್ತು ವರ್ಷದ ಒಬ್ಬರ ವರದಿ ಬಂದಿತ್ತು: ದಿನವೂ ಆಸ್ಪಿರಿನ್ ನುಂಗುತ್ತಿದ್ದ ಅವರು ಗಿಂಕೊ ಶುರುಮಾಡಿದ ಒಂದು ವಾರಕ್ಕೆ ಕಣ್ಣಿನೊಳಗೆ ತಾನಾಗಿ ರಕ್ತ ಒಸರಿತು. ಆಮೇಲೆ ನಡೆದ ನಿಯಂತ್ರಿತ ಅಧ್ಯಯನಗಳಲ್ಲಿ ಗಿಂಕೊ ಒಂದರಿಂದಲೇ ಹೆಪ್ಪುಗಟ್ಟುವ ಪರೀಕ್ಷೆಗಳು ಅಷ್ಟಾಗಿ ಬದಲಾಗಲಿಲ್ಲ. ಎರಡೂ ನಿಜ. ಆದರೆ ನಮ್ಮ ರೋಗಿಗೆ ರಕ್ತ ತೆಳುಮಾಡುವ ಎರಡು ಮಾತ್ರೆ ಆಗಷ್ಟೇ ಶುರುವಾಗಿತ್ತು, ಕೊರಳಿನ ಶಸ್ತ್ರಚಿಕಿತ್ಸೆ ಮುಂದಿತ್ತು. ಅನುಮಾನಕ್ಕೆ ಎಡೆಯಿರುವ ಒಂದು ವಸ್ತುವನ್ನು ಅಂಥ ಹೊತ್ತಿನಲ್ಲಿ ಜೊತೆಗಿಟ್ಟುಕೊಳ್ಳಲು ಕಾರಣ ಕಾಣಲಿಲ್ಲ. "ಈ ಕ್ಯಾಪ್ಸೂಲ್ ಇವತ್ತೇ ನಿಲ್ಲಿಸಿ" ಎಂದೆ. ರೋಗಿ ತಲೆಯಾಡಿಸಿದರು.

ಮಗಳು ತಲೆಯಾಡಿಸಲಿಲ್ಲ.

ಮಗಳ ಪ್ರಶ್ನೆ

ಆಕೆ ಜೀವಶಾಸ್ತ್ರ ಓದಿದವಳು. ಅಪ್ಪನಿಗೆ ಹೀಗಾದ ರಾತ್ರಿಯೇ ಕೂತು ಸಂಶೋಧನಾ ಲೇಖನಗಳನ್ನು ಓದಿದ್ದಳು. ಎರಡನೆಯ ಭೇಟಿಗೆ ಬಂದಾಗ ಕೈಯಲ್ಲಿ ಅವುಗಳ ಮುದ್ರಿತ ಪ್ರತಿಗಳಿದ್ದವು, ಸಾಲುಗಳಿಗೆ ಬಣ್ಣ ಹಚ್ಚಿದ್ದಳು. "ಡಾಕ್ಟ್ರೇ, ಕರ್ಕ್ಯುಮಿನ್, ರೆಸ್ವೆರಾಟ್ರಾಲ್, ಗ್ರೀನ್ ಟೀಯ ಇಜಿಸಿಜಿ, ಗಿಂಕೊ, ಎಲ್ಲವೂ ಇಲಿಯ ರೆಟಿನಾನ ಉಳಿಸಿವೆ. ರಕ್ತ ನಿಲ್ಲಿಸೋದಕ್ಕೆ ಮುಂಚೆ ಕೊಟ್ಟಾಗ ಚೆನ್ನಾಗಿ ಉಳಿದಿದೆ. ಅಪ್ಪನಿಗೆ ಆಪರೇಷನ್ ಇನ್ನೂ ಆಗಿಲ್ಲ. ಆಪರೇಷನ್‌ನಲ್ಲಿ ಕೊರಳಿನ ನಾಳ ಸ್ವಲ್ಪ ಹೊತ್ತು ಬಿಗಿಹಿಡೀತಾರೆ, ಚೂರು ಹಾರಬಹುದು ಅಂತ ನೀವೇ ಹೇಳಿದ್ರಿ. ಹಾಗಾದ್ರೆ ಈಗ ಕೊಟ್ಟರೆ ಅದು ಮುಂಚೆ ಕೊಟ್ಟ ಹಾಗೇ ಆಗಲ್ವಾ?"

ಇಂಥ ಪ್ರಶ್ನೆ ಕೇಳುವವರನ್ನು "ಇಂಟರ್ನೆಟ್ ನೋಡಿ ಬರಬೇಡಿ" ಎಂದು ಗದರಿಸಿ ಕಳಿಸುವುದನ್ನು ನೋಡಿದ್ದೇನೆ. ಅದು ತಪ್ಪು. ಆಕೆಯ ತರ್ಕದಲ್ಲಿ ಕೊಂಡಿ ಎಲ್ಲೂ ಕಳಚಿರಲಿಲ್ಲ. ರಕ್ತ ಯಾವಾಗ ನಿಲ್ಲುತ್ತದೆಂದು ಮೊದಲೇ ಗೊತ್ತಿರುವ ಸಂದರ್ಭ ವೈದ್ಯಕೀಯದಲ್ಲಿ ವಿರಳ, ಕೆರೋಟಿಡ್ ಶಸ್ತ್ರಚಿಕಿತ್ಸೆ ಅಂಥದ್ದೊಂದು. ಆದ್ದರಿಂದ ಆ ದಿನದ ಉಳಿದ ರೋಗಿಗಳು ಮುಗಿದ ಮೇಲೆ ಮತ್ತೆ ಬರಹೇಳಿ, ಲೇಖನಗಳನ್ನು ಮೇಜಿನ ಮೇಲೆ ಹರಡಿಕೊಂಡು ಕೂತೆವು.

ಮೊದಲು ಆಕೆ ಸರಿಯಾಗಿ ಅರ್ಥಮಾಡಿಕೊಂಡ ಭಾಗ. ತೂಕಕ್ಕೆ ತೂಕ ಹೋಲಿಸಿದರೆ ದೇಹದಲ್ಲಿ ಅತಿ ಹೆಚ್ಚು ಆಮ್ಲಜನಕ ಬೇಡುವ ಅಂಗಾಂಶಗಳಲ್ಲಿ ರೆಟಿನಾ ಒಂದು. ರಕ್ತ ನಿಂತಾಗ ಕೋಶಗಳ ಶಕ್ತಿ ಬತ್ತುತ್ತದೆ, ಪೊರೆಯ ಆಚೀಚೆ ಅಯಾನುಗಳನ್ನು ಹತೋಟಿಯಲ್ಲಿಡುವ ಪಂಪುಗಳು ನಿಲ್ಲುತ್ತವೆ, ಗ್ಲುಟಮೇಟ್ ಹೊರಗೆ ಚೆಲ್ಲುತ್ತದೆ. ನರಕೋಶಗಳ ನಡುವೆ ಸಂದೇಶ ಒಯ್ಯುವ ಈ ವಸ್ತು ಮಿತಿಮೀರಿದರೆ ವಿಷ. ಇಲಿಮರಿಗಳಿಗೆ ಗ್ಲುಟಮೇಟ್ ಚುಚ್ಚಿದರೆ ರೆಟಿನಾದ ಒಳಪದರಗಳೇ ನಾಶವಾಗುತ್ತವೆಂದು 1957ರಲ್ಲೇ ಲೂಕಸ್ ಮತ್ತು ನ್ಯೂಹೌಸ್ ತೋರಿಸಿದ್ದರು. ಅತಿಯಾದ ಗ್ಲುಟಮೇಟ್, ರೆಟಿನಾದ ಸಂದೇಶವನ್ನು ಮಿದುಳಿಗೆ ಒಯ್ಯುವ ಗ್ಯಾಂಗ್ಲಿಯನ್ ಕೋಶದೊಳಕ್ಕೆ ಕ್ಯಾಲ್ಸಿಯಂ ನುಗ್ಗಿಸುತ್ತದೆ, ಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯ ಕೆಡುತ್ತದೆ. ಆಮೇಲೆ ರಕ್ತ ಮರಳಿದಾಗ ಇನ್ನೊಂದು ಪೆಟ್ಟು: ಒಮ್ಮೆಲೇ ಬಂದ ಆಮ್ಲಜನಕದಿಂದ ಚುರುಕಾದ ಆಕ್ಸಿಡೆಂಟ್‌ಗಳು ಹುಟ್ಟಿ, ಉಳಿದ ಕೋಶಗಳನ್ನು ಸುಡುತ್ತವೆ, ಉರಿಯೂತ ಕೂಡಿಕೊಳ್ಳುತ್ತದೆ. ಕರ್ಕ್ಯುಮಿನ್, ರೆಸ್ವೆರಾಟ್ರಾಲ್ ಥರದ ಗಿಡಮೂಲದ ಪಾಲಿಫಿನಾಲ್‌ಗಳು ಮುಖ್ಯವಾಗಿ ಈ ಎರಡನೆಯ ಪೆಟ್ಟನ್ನು ತಡೆಯುತ್ತವೆ. ಕೋಶದ ಸ್ವಂತ ರಕ್ಷಣಾ ಕಿಣ್ವಗಳನ್ನು ಎಬ್ಬಿಸುವ ಎನ್ಆರ್ಎಫ್2 ಎಂಬ ಪ್ರೋಟೀನನ್ನು ಚುರುಕುಗೊಳಿಸುತ್ತವೆ, ಉರಿಯೂತದ ಸಂಕೇತಗಳನ್ನು ತಗ್ಗಿಸುತ್ತವೆ. ಇದು ಸುಳ್ಳಲ್ಲ, ಬೇರೆ ಬೇರೆ ಪ್ರಯೋಗಾಲಯಗಳಲ್ಲಿ ಮತ್ತೆ ಮತ್ತೆ ಕಂಡದ್ದು.

ಕಷ್ಟ ಇರುವುದು ಇಲಿಯಿಂದ ಅಪ್ಪನವರೆಗಿನ ದಾರಿಯಲ್ಲಿ. ಲೇಖನಗಳ ವಿಧಾನ ವಿಭಾಗವನ್ನು ಇಬ್ಬರೂ ಸೇರಿ ಓದಿದೆವು. ಇಲಿಗೆ ಅರಿವಳಿಕೆ ಕೊಟ್ಟು ಕಣ್ಣಿನ ಮುಂಭಾಗಕ್ಕೆ ಸಣ್ಣ ಸೂಜಿ ಹಾಕುತ್ತಾರೆ. ಸೂಜಿಗೆ ಜೋಡಿಸಿದ ಸಲೈನ್ ಬಾಟಲಿಯನ್ನು ಎತ್ತರಕ್ಕೆ ತೂಗುಹಾಕಿ ಕಣ್ಣಿನ ಒತ್ತಡವನ್ನು ಸಾಮಾನ್ಯವಾಗಿ 110ರಿಂದ 120 ಮಿಲಿಮೀಟರ್ ಪಾದರಸದ ಮಟ್ಟಕ್ಕೆ ಏರಿಸುತ್ತಾರೆ. ರೆಟಿನಾ ಪೂರ್ತಿ ಬಿಳಿಚುತ್ತದೆ. ಸುಮಾರು ಒಂದು ಗಂಟೆ ಬಿಟ್ಟು ಸೂಜಿ ತೆಗೆದರೆ ರಕ್ತ ಪೂರ್ತಿಯಾಗಿ ಮರಳುತ್ತದೆ. ಕೆಲವು ದಿನ ಕಳೆದು, ಬೆಳಕಿಗೆ ರೆಟಿನಾ ಹೊಮ್ಮಿಸುವ ವಿದ್ಯುತ್ತನ್ನು ಅಳೆಯುವ ಇಆರ್‌ಜಿಯಲ್ಲಿ ಬಿ ಅಲೆಯ ಎತ್ತರ ನೋಡಿ, ಆಮೇಲೆ ಗ್ಯಾಂಗ್ಲಿಯನ್ ಕೋಶಗಳನ್ನು ಎಣಿಸುತ್ತಾರೆ.

"ಇಲ್ಲಿ ನೋಡಮ್ಮ," ಎಂದೆ, "ಇಲಿಗೆ ರೆಟಿನಾ ನಾಳ, ಕೋರಾಯ್ಡ್ ಎರಡೂ ಒಟ್ಟಿಗೆ ನಿಲ್ಲುತ್ತವೆ, ಒಂದು ಗಂಟೆಗೆ ಎರಡೂ ಒಟ್ಟಿಗೆ ಮರಳುತ್ತವೆ. ನಿಮ್ಮ ತಂದೆಗೆ ಒಂದೇ ಕವಲು ಮುಚ್ಚಿತು, ರಕ್ತ ಯಾವಾಗ ಮರಳಿತು ಎಂದು ಯಾರಿಗೂ ಗೊತ್ತಿಲ್ಲ. ರಕ್ತ ಮರಳುವಾಗಿನ ಹಾನಿ ತಡೆಯುವ ವಸ್ತುವಿಗೆ, ರಕ್ತ ಮರಳುವ ಮೊದಲೇ ಸತ್ತ ಕೋಶದಲ್ಲಿ ಮಾಡಲು ಕೆಲಸವಿರುವುದಿಲ್ಲ."

"ಅದು ಆಗಿಹೋದ ಕಥೆ ಡಾಕ್ಟ್ರೇ. ನಾನು ಕೇಳ್ತಿರೋದು ಆಪರೇಷನ್ ಬಗ್ಗೆ," ಎಂದಳು. ನ್ಯಾಯವಾದ ಮಾತು.

ಆಗ ಔಷಧ ಕೊಟ್ಟ ದಾರಿಯ ವಿಷಯಕ್ಕೆ ಬಂದೆವು. ಆಕೆ ತಂದಿದ್ದ ಲೇಖನಗಳಲ್ಲಿ ಹೆಚ್ಚಿನವು ವಸ್ತುವನ್ನು ಇಲಿಯ ಹೊಟ್ಟೆಯ ಕುಹರಕ್ಕೋ ನೇರ ಕಣ್ಣಿನೊಳಕ್ಕೋ ಚುಚ್ಚಿದ್ದವು. ಬಾಯಿಂದ ನುಂಗಿದ ಕರ್ಕ್ಯುಮಿನ್‌ನ ಪಾಡು ಬೇರೆ. ಕರುಳಿನ ಗೋಡೆ ಮತ್ತು ಯಕೃತ್ತು ಸೇರಿ ಅದಕ್ಕೆ ಗ್ಲುಕುರೋನಿಕ್ ಆಮ್ಲವನ್ನೋ ಸಲ್ಫೇಟನ್ನೋ ಅಂಟಿಸಿ ಬಹುಬೇಗ ಹೊರಹಾಕುತ್ತವೆ. ಗ್ರಾಂಗಟ್ಟಲೆ ನುಂಗಿದರೂ ರಕ್ತದಲ್ಲಿ ಬದಲಾಗದೆ ಉಳಿಯುವುದು ಅತ್ಯಲ್ಪ, ಪ್ರಯೋಗಾಲಯದ ಬಟ್ಟಲಿನಲ್ಲಿ ಕೋಶಗಳನ್ನು ಉಳಿಸಿದ ಪ್ರಮಾಣದ ಹತ್ತಿರಕ್ಕೂ ಅದು ಬರುವುದಿಲ್ಲ. ರಕ್ತಕ್ಕೆ ಬಂದಷ್ಟಾದರೂ ರೆಟಿನಾ ಸೇರಬೇಕಾದರೆ ರಕ್ತ ಮತ್ತು ರೆಟಿನಾ ನಡುವಿನ ತಡೆಗೋಡೆ ದಾಟಬೇಕು. ರೆಸ್ವೆರಾಟ್ರಾಲ್‌ನದೂ ಹೆಚ್ಚುಕಡಿಮೆ ಇದೇ ಹಾಡು. ಸಾಲದ್ದಕ್ಕೆ ಕರ್ಕ್ಯುಮಿನ್ ನೀರಿನಲ್ಲಿ ಬೇಗ ಒಡೆಯುತ್ತದೆ, ತಾನೇ ಹೊಳೆಯುತ್ತದೆ, ಸಿಕ್ಕಿದ ಪ್ರೋಟೀನಿಗೆಲ್ಲ ಅಂಟಿಕೊಳ್ಳುತ್ತದೆ. ಹಾಗಾಗಿ ಪ್ರಯೋಗಾಲಯದ ಅನೇಕ ಪರೀಕ್ಷೆಗಳಲ್ಲಿ ಇಲ್ಲದ ಪರಿಣಾಮವನ್ನೂ ಇದ್ದಂತೆ ತೋರಿಸಬಲ್ಲದು ಎಂದು ಔಷಧ ರಸಾಯನಶಾಸ್ತ್ರಜ್ಞರು 2017ರ ಒಂದು ವಿಮರ್ಶೆಯಲ್ಲಿ ಎಚ್ಚರಿಸಿದ್ದರು.

"ಅದಕ್ಕೇ ಅಲ್ವಾ ಪೈಪರಿನ್ ಸೇರಿಸೋದು?" ಎಂದಳು.

ಹೌದು, ಅದಕ್ಕೇ. ಕರಿಮೆಣಸಿನ ಖಾರಕ್ಕೆ ಕಾರಣವಾದ ಪೈಪರಿನ್ 20 ಮಿಲಿಗ್ರಾಂ ಜೊತೆ ಕೊಟ್ಟಾಗ 2 ಗ್ರಾಂ ಕರ್ಕ್ಯುಮಿನ್ ರಕ್ತಕ್ಕೆ ಸೇರುವ ಪ್ರಮಾಣ ಮನುಷ್ಯರಲ್ಲಿ 2000 ಶೇಕಡಾ ಹೆಚ್ಚಿತೆಂದು 1998ರಲ್ಲಿ ವರದಿಯಾಗಿತ್ತು. ಕೇಳಲು ದೊಡ್ಡದು. ಆದರೆ ಬಹುತೇಕ ಶೂನ್ಯದಿಂದ ಶುರುವಾದ ಲೆಕ್ಕ ಅದು, ಇಪ್ಪತ್ತು ಪಟ್ಟು ಏರಿದರೂ ತಲುಪುವ ಮಟ್ಟ ಕಡಿಮೆಯೇ. ನಾನು ಆ ದಿನ ಒತ್ತಿ ಹೇಳಿದ್ದು ಇನ್ನೊಂದನ್ನು. ಪೈಪರಿನ್ ಈ ಕೆಲಸ ಸಾಧಿಸುವುದು ಯಕೃತ್ತು ಮತ್ತು ಕರುಳಿನ ಕಿಣ್ವಗಳನ್ನು ಕಟ್ಟಿಹಾಕಿ. ಅದೇ ಕಿಣ್ವಗಳು ಬೇರೆ ಮಾತ್ರೆಗಳನ್ನೂ ಸಂಭಾಳಿಸಬೇಕು. ಅಟೊರ್ವಾಸ್ಟಾಟಿನ್ ಅಂಥ ಒಂದು ಕಿಣ್ವದಿಂದಲೇ ಕರಗಿ ಹೋಗುವ ಮಾತ್ರೆ, ಕಿಣ್ವ ಕಟ್ಟಿಬಿದ್ದರೆ ಅದರ ಮಟ್ಟ ರಕ್ತದಲ್ಲಿ ಏರಬಹುದು. ಜೊತೆಗೆ ಹೆಚ್ಚು ಹೀರಿಕೆಯಾಗುವಂತೆ ಮಾಡಿದ ಕರ್ಕ್ಯುಮಿನ್ ಮಾತ್ರೆಗಳಿಂದ ಯಕೃತ್ತಿಗೆ ಪೆಟ್ಟಾದ ವರದಿಗಳೂ ಇವೆ.

ಆಕೆ ಸ್ವಲ್ಪ ಹೊತ್ತು ಮಾತಾಡದೆ ಪುಟ ತಿರುಗಿಸಿದಳು. "ಹಾಗಾದ್ರೆ ಗಿಡದ್ದೆಲ್ಲ ವೇಸ್ಟ್ ಅಂತೀರಾ?"

ಖಂಡಿತ ಅಲ್ಲ, ಇದನ್ನು ನಾನು ಮನಸಾರೆ ಹೇಳಿದೆ. ಕಣ್ಣಿನ ವೈದ್ಯಕ್ಕೆ ಗಿಡಗಳು ಕೊಟ್ಟದ್ದು ಸಣ್ಣದಲ್ಲ. ಕಣ್ಣಿನ ನರ ಕೆಡಿಸುವ ಗ್ಲಾಕೋಮಾಗೆ ಬಂದ ಮೊದಲ ಹನಿ ಔಷಧಗಳಾದ ಫೈಸೊಸ್ಟಿಗ್ಮಿನ್ ಮತ್ತು ಪೈಲೊಕಾರ್ಪಿನ್ 1870ರ ದಶಕದಲ್ಲಿ ಬಂದವು, ಒಂದು ಕ್ಯಾಲಬಾರ್ ಬೀಜದ್ದು, ಇನ್ನೊಂದು ಜಬೊರಾಂಡಿ ಎಲೆಯದ್ದು. ಪಾಪೆ ಹಿಗ್ಗಿಸುವ ಅಟ್ರೊಪಿನ್ ಬೆಲಡೋನಾ ಗಿಡದ್ದು. ಆಕೆಯ ತಂದೆ ಆಗ ನುಂಗುತ್ತಿದ್ದ ಆಸ್ಪಿರಿನ್‌ನ ಮೂಲಪುರುಷ ವಿಲೋ ಮರದ ತೊಗಟೆಯ ಸ್ಯಾಲಿಸಿನ್. ಇವೆಲ್ಲ ಒಂದೊಂದೇ ಅಣುವಾಗಿ ಬೇರ್ಪಟ್ಟು, ಪ್ರಮಾಣ ಗೊತ್ತಾಗಿ, ತಲುಪಬೇಕಾದ ಜಾಗ ತಲುಪುತ್ತವೆಂದು ಖಚಿತವಾದ ಮೇಲೆ ಔಷಧವಾದವು. ಬಾಟಲಿಯಲ್ಲಿದ್ದ ಆರರಲ್ಲಿ ಬಾಯಿಂದ ನುಂಗಿದಾಗ ರೆಟಿನಾಗೆ ನಿಜಕ್ಕೂ ಸೇರುತ್ತದೆಂದು ಗಟ್ಟಿಯಾಗಿ ಹೇಳಬಹುದಾದದ್ದು ಲ್ಯೂಟೀನ್, ರೆಟಿನಾದ ನಡುಭಾಗವಾದ ಮ್ಯಾಕುಲಾದ ಹಳದಿ ಬಣ್ಣವೇ ಅದರಿಂದ ಮತ್ತು ಅದರ ನೆಂಟ ಜಿಯಾಜಾಂತಿನ್‌ನಿಂದ ಬಂದದ್ದು. ಅದಕ್ಕೂ ಪುರಾವೆ ಇರುವುದು ವಯಸ್ಸಿನ ಮ್ಯಾಕುಲಾ ಸವೆತದ ವಿಷಯದಲ್ಲಿ, 2013ರ ಆರೆಡ್ಸ್2 ಅಧ್ಯಯನದಿಂದ. ನಾಳ ಮುಚ್ಚಿದ ರೆಟಿನಾಗೆ ಆ ಪುರಾವೆಯನ್ನು ಎಳೆದು ತರಲಾಗದು.

ಕೊನೆಗೆ ಮೆಮಾಂಟಿನ್ ಕಥೆ ಹೇಳಿದೆ. ಅದು ಗಿಡದ್ದಲ್ಲ, ಗ್ಲುಟಮೇಟ್‌ನ ಬಾಗಿಲು ಮುಚ್ಚಲೆಂದೇ ಇರುವ ಔಷಧ. ಪ್ರಮಾಣ ಗೊತ್ತು, ಮಿದುಳಿಗೆ ಸೇರುತ್ತದೆಂದು ಗೊತ್ತು, ಕೋತಿಗಳಲ್ಲೂ ಆಶೆ ಹುಟ್ಟಿಸಿತ್ತು. ಗ್ಲಾಕೋಮಾ ರೋಗಿಗಳಲ್ಲಿ ನಾಲ್ಕು ವರ್ಷ ನಡೆದ ಎರಡು ದೊಡ್ಡ ಪ್ರಯೋಗಗಳ ಫಲಿತಾಂಶ 2018ರಲ್ಲಿ ಪ್ರಕಟವಾಯಿತು. ಕಾಯಿಲೆ ಮುಂದುವರಿಯುವುದನ್ನು ಅದು ತಡೆಯಲಿಲ್ಲ. ಎಲ್ಲ ಅನುಕೂಲವಿದ್ದ ಔಷಧವೇ ಇಲಿ, ಕೋತಿ ದಾಟಿ ಮನುಷ್ಯನ ಹತ್ತಿರ ಸೋತಿರುವಾಗ, ಪ್ರಮಾಣವೇ ಗೊತ್ತಿಲ್ಲದ ಮಿಶ್ರಣವನ್ನು ಶಸ್ತ್ರಚಿಕಿತ್ಸೆಯ ಮುನ್ನ ಹೇಗೆ ಕೊಡಲಿ?

ಆಕೆ ಒಪ್ಪಿದಳೆಂದು ಅನ್ನಿಸಿತು. ಅರ್ಧ ಒಪ್ಪಿದ್ದಳು.

ತಿರುವು

ಶಸ್ತ್ರಚಿಕಿತ್ಸೆಗೆ ಕೆಲವೇ ದಿನ ಇರುವಾಗ ರಕ್ತ ತೆಗೆಯಲು ತೋಳು ಮೇಲೇರಿಸಿದ ನರ್ಸ್, ಮುಂಗೈ ಮೇಲೆ ಅಲ್ಲಲ್ಲಿ ನೀಲಿಗಟ್ಟಿದ್ದನ್ನು ಕಂಡರು. ಎಲ್ಲಾದರೂ ಬಿದ್ದಿರಾ ಎಂದರೆ ಇಲ್ಲ. ಔಷಧ ಏನೇನು ಎಂದು ಕೇಳುವ ಬದಲು ಆಕೆ, "ನಿನ್ನೆ ಬೆಳಿಗ್ಗೆಯಿಂದ ರಾತ್ರಿವರೆಗೆ ಬಾಯಿಗೆ ಹಾಕ್ಕೊಂಡ ಮಾತ್ರೆ, ಪುಡಿ, ಕಷಾಯ ಎಲ್ಲ ಹೇಳಿ ಅಣ್ಣಾ" ಎಂದರು. ಆಗ ಹೊರಬಂತು. ಹಳೆಯ ಕ್ಯಾಪ್ಸೂಲ್ ನಿಂತಿತ್ತು. ಅದರ ಬದಲು ಮಗಳು ಗಿಂಕೊ ಇಲ್ಲದ, ಕರ್ಕ್ಯುಮಿನ್ ಮತ್ತು ಪೈಪರಿನ್ ಮಾತ್ರ ಇರುವ ಇನ್ನೊಂದನ್ನು ತಂದಿದ್ದಳು. ರಕ್ತಸ್ರಾವದ ಭಯ ಗಿಂಕೊದ್ದು, ಕರ್ಕ್ಯುಮಿನ್ ಕೆಲಸ ಮಾಡದಿರಬಹುದು ಆದರೆ ಕೇಡು ಮಾಡದು ಎಂದು ಆಕೆ ಲೆಕ್ಕ ಹಾಕಿದ್ದಳು. ಅಪ್ಪನ ಕಣ್ಣು ಉಳಿಸಲು ತನ್ನ ಕೈಲಾದದ್ದು ಏನಾದರೂ ಇರಲಿ ಎಂಬ ತಳಮಳ ಅದು, ಅದನ್ನು ಹಗುರಾಗಿ ಕಾಣಲಾರೆ.

ಶಸ್ತ್ರಚಿಕಿತ್ಸಕರು, ಅರಿವಳಿಕೆ ತಜ್ಞರು, ನಾನು ಫೋನಿನಲ್ಲೇ ಸೇರಿದೆವು. ನೀಲಿಗಟ್ಟಿದ್ದು ಕ್ಯಾಪ್ಸೂಲ್‌ನಿಂದಲೇ ಎಂದು ಹೇಳುವ ಹಾಗಿರಲಿಲ್ಲ. ಆಸ್ಪಿರಿನ್ ಮತ್ತು ಕ್ಲೊಪಿಡೊಗ್ರೆಲ್ ಒಟ್ಟಿಗೆ ನುಂಗುವ ಎಷ್ಟೋ ಜನರಿಗೆ ಹೀಗಾಗುತ್ತದೆ. ಆದರೆ ಕರ್ಕ್ಯುಮಿನ್‌ಗೂ ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಕಣಗಳನ್ನು ಮಂದಗೊಳಿಸುವ ಗುಣ ಪ್ರಯೋಗಾಲಯದಲ್ಲಿ ಕಂಡಿದೆ, ಪೈಪರಿನ್ ಅದನ್ನು ರಕ್ತಕ್ಕೆ ತಳ್ಳುತ್ತಿತ್ತು. ಎರಡು ದಾರಿ ಇದ್ದವು. ಕ್ಯಾಪ್ಸೂಲ್ ದೇಹದಿಂದ ಪೂರ್ತಿ ಇಳಿಯಲೆಂದು ಶಸ್ತ್ರಚಿಕಿತ್ಸೆಯನ್ನು ಒಂದೆರಡು ವಾರ ಮುಂದೂಡುವುದು, ಅಥವಾ ಕ್ಯಾಪ್ಸೂಲ್ ನಿಲ್ಲಿಸಿ ನಿಗದಿಯಾದ ದಿನವೇ ಮಾಡುವುದು. ಮುಂದೂಡಿದರೆ ಎರಡು ವಾರದ ಗಡುವು ದಾಟುತ್ತದೆ, ಆ ಕಾಯುವ ದಿನಗಳಲ್ಲೇ ಕೊರಳಿನಿಂದ ಇನ್ನೊಂದು ಚೂರು ಮಿದುಳಿಗೆ ಹಾರಬಹುದು. ಪ್ಲೇಟ್‌ಲೆಟ್ ಎಣಿಕೆ, ಹೆಪ್ಪುಗಟ್ಟುವ ಪರೀಕ್ಷೆ, ಯಕೃತ್ತಿನ ಕಿಣ್ವಗಳು ಸರಿಯಿದ್ದವು. ಕರ್ಕ್ಯುಮಿನ್ ರಕ್ತದಿಂದ ಬೇಗ ಹೊರಹೋಗುವ ವಸ್ತು ಎಂಬುದು ಇಲ್ಲಿ ನಮಗೆ ನೆರವಾಯಿತು. ದಿನ ಬದಲಿಸಲಿಲ್ಲ. ಆಸ್ಪಿರಿನ್ ಮುಂದುವರಿಸಿದೆವು, ಶಸ್ತ್ರಚಿಕಿತ್ಸಕರು ತಮ್ಮ ರೂಢಿಯಂತೆ ಕ್ಲೊಪಿಡೊಗ್ರೆಲ್ ವಿಷಯ ತೀರ್ಮಾನಿಸಿದರು. ಕೊರಳಿನಲ್ಲಿ ರಕ್ತ ಶೇಖರವಾಗದಂತೆ ಹೆಚ್ಚು ನಿಗಾ ಇಡುವ ಮಾತಾಯಿತು.

ಆದದ್ದು

ಶಸ್ತ್ರಚಿಕಿತ್ಸೆ ಸುಸೂತ್ರವಾಗಿ ಮುಗಿಯಿತು. ಗಾಯದ ಸುತ್ತ ಸ್ವಲ್ಪ ಊತ, ಅದೂ ಇಳಿಯಿತು. ಬಲಗಣ್ಣಿಗೆ ಕತ್ತಲೆ ಕವಿಯುವುದು ಆಮೇಲೆ ಮರುಕಳಿಸಲಿಲ್ಲ.

ಹೋದ ನೋಟ ಮರಳಲಿಲ್ಲ. ಊತ ಇಳಿದಂತೆ ನಡುವಿನ ದೃಷ್ಟಿ 6/9ಕ್ಕೆ ಬಂತು, ಕೆಳಗಿನ ಅರ್ಧ ಹಾಗೇ ಉಳಿಯಿತು. ತಿಂಗಳುಗಳ ನಂತರದ ಒಸಿಟಿಯಲ್ಲಿ ಮೊದಲು ಊದಿದ್ದ ಒಳಪದರಗಳು ತೆಳ್ಳಗಾಗಿ ಕೂತಿದ್ದವು, ಹೊರಪದರ ಮೊದಲಿನಂತೆ ದಪ್ಪವಾಗಿತ್ತು. ಎರಡೂ ಕಣ್ಣು ತೆರೆದಿದ್ದಾಗ ಎಡಗಣ್ಣು ಕೊರತೆ ತುಂಬುತ್ತದೆ, ಆದರೆ ಮೆಟ್ಟಿಲಿಳಿಯುವಾಗ ಕೊನೆಯ ಮೆಟ್ಟಿಲು ಎಷ್ಟು ದೂರವಿದೆಯೆಂದು ಅಂದಾಜಾಗದೆ ಕಾಲು ತಡವುತ್ತದೆ. ಪುಸ್ತಕವನ್ನು ಮೊದಲಿಗಿಂತ ಸ್ವಲ್ಪ ಮೇಲೆ ಹಿಡಿದು ಓದುವುದನ್ನು ರೂಢಿಸಿಕೊಂಡಿದ್ದಾರೆ.

ಇದರಿಂದ ನಮ್ಮಲ್ಲಿ ಬದಲಾದದ್ದು

ಆ ನರ್ಸ್ ಕೇಳಿದ ಬಗೆಯನ್ನೇ ನಮ್ಮ ವಿಭಾಗ ಎತ್ತಿಕೊಂಡಿದೆ. ಈಗ ಬರಹೇಳುವಾಗಲೇ ಮನೆಯಲ್ಲಿರುವ ಬಾಟಲಿ, ಡಬ್ಬಿ ಎಲ್ಲ ಚೀಲಕ್ಕೆ ಹಾಕಿಕೊಂಡು ಬನ್ನಿ ಎನ್ನುತ್ತೇವೆ, ನಿಲ್ಲಿಸಬೇಕಾದದ್ದನ್ನು ಮಿಶ್ರಣದ ಹೆಸರಿನಿಂದ ಹೇಳದೆ ಒಂದೊಂದು ಅಂಶದ ಹೆಸರಿನಿಂದ ಬರೆದುಕೊಡುತ್ತೇವೆ. ಆಹಾರದಲ್ಲಿರುವ ಅರಿಶಿನಕ್ಕೂ ಕ್ಯಾಪ್ಸೂಲಿಗೂ ಇರುವ ಅಂತರವನ್ನೂ ಹೇಳಬೇಕಾಗುತ್ತದೆ. ಅರಿಶಿನದ ಪುಡಿಯ ತೂಕದಲ್ಲಿ ಕರ್ಕ್ಯುಮಿನ್ ಕೆಲವೇ ಶೇಕಡಾ, ಅದನ್ನು ಬಿಡಬೇಕಿಲ್ಲ.

ಮಗಳ ಪ್ರಶ್ನೆ ನನ್ನ ಮಟ್ಟಿಗೆ ಇನ್ನೂ ಜೀವಂತವಾಗಿದೆ. ರಕ್ತ ನಿಲ್ಲುವ ಗಳಿಗೆ ಮೊದಲೇ ಗೊತ್ತಿರುವ ರೋಗಿಗಳು ಇದ್ದೇ ಇದ್ದಾರೆ: ಕೆರೋಟಿಡ್ ಶಸ್ತ್ರಚಿಕಿತ್ಸೆಯವರು, ಸ್ಟೆಂಟ್ ಹಾಕಿಸಿಕೊಳ್ಳುವವರು, ಕಣ್ಣಿನೊಳಗಿನ ಶಸ್ತ್ರಚಿಕಿತ್ಸೆಯಲ್ಲಿ ಸ್ವಲ್ಪ ಹೊತ್ತು ಒತ್ತಡ ಏರಿಸಬೇಕಾಗಿ ಬರುವವರು. ಗಿಡದಿಂದ ಬೇರ್ಪಡಿಸಿದ ಒಂದೇ ಅಣುವನ್ನು, ನುಂಗಿಸದೆ ಕಣ್ಣಿಗೇ ತಲುಪುವ ರೂಪದಲ್ಲಿ, ಇವರಿಗೆ ಮುಂಚಿತವಾಗಿ ಕೊಟ್ಟು ನೋಡುವುದು ಅರ್ಥವಿರುವ ಪ್ರಯೋಗ. ಅಳೆಯಬೇಕಾದದ್ದು ಒಳಪದರಗಳ ದಪ್ಪವನ್ನು ಮತ್ತು ದೃಷ್ಟಿಕ್ಷೇತ್ರವನ್ನು, ಹೋಲಿಕೆಗೆ ಔಷಧವಿಲ್ಲದ ಸಪ್ಪೆ ಹನಿ ಪಡೆದ ಇನ್ನೊಂದು ಗುಂಪು ಬೇಕು. ಏಕಾಏಕಿ ನಾಳ ಮುಚ್ಚಿ ಬರುವವರಿಗೆ ರಕ್ತ ನಿಂತ ಮೇಲೆ ಕೊಟ್ಟರೂ ಕೆಲಸ ಮಾಡುವ ವಸ್ತು ಬೇಕು. ಅಂಥವರಿಗಾಗಿ ಇಲಿಯ ಅಧ್ಯಯನ ಓದುವಾಗ ನಾನು ಮೊದಲು ಹುಡುಕುವುದು ಔಷಧ ಕೊಟ್ಟ ಹೊತ್ತನ್ನು. ರಕ್ತ ನಿಲ್ಲುವ ಮುಂಚೆ ಕೊಟ್ಟದ್ದು ಮಾತ್ರ ಫಲಿಸಿದ್ದರೆ ತುರ್ತು ವಿಭಾಗಕ್ಕೆ ಅದರಿಂದ ಉಪಯೋಗವಿಲ್ಲ.

ರೋಗಿ ಈಗ ಆಸ್ಪಿರಿನ್, ಬಿಪಿ ಮಾತ್ರೆ, ಅಟೊರ್ವಾಸ್ಟಾಟಿನ್ ಮೂರನ್ನೂ ತಪ್ಪದೆ ನುಂಗುತ್ತಾರೆ. ಕೆಟ್ಟ ಕೊಲೆಸ್ಟರಾಲ್ ಆದ ಎಲ್‌ಡಿಎಲ್ 70ಕ್ಕಿಂತ ಕೆಳಗಿದೆ. ಎಡಬದಿಯ ಕೆರೋಟಿಡ್‌ನಲ್ಲೂ ಸ್ವಲ್ಪ ಪದರ ಕಟ್ಟಿದೆ, ಅದಕ್ಕೆ ವರ್ಷಕ್ಕೊಮ್ಮೆ ಡಾಪ್ಲರ್ ಮಾಡಿಸುತ್ತಿದ್ದಾರೆ. ಯಾವ ಕಣ್ಣಿಗೇ ಆಗಲಿ ಒಂದು ನಿಮಿಷ ಕತ್ತಲಾದರೂ ಅದೇ ಹೊತ್ತಿಗೆ ಆಸ್ಪತ್ರೆಗೆ ಬರಬೇಕೆಂದು ಅಪ್ಪ, ಮಗಳು ಇಬ್ಬರಿಗೂ ಬರೆದುಕೊಟ್ಟಿದ್ದೇವೆ.